ನೀರುಗಂಟಿ ಚೆಲುವಯ್ಯನವರ ಬಲಗಣ್ಣು

ಚೆಲುವಯ್ಯನವರು ನಡೆಯುತ್ತಾ ನೋಡುವವರಲ್ಲ, ನೋಡಬೇಕೆನಿಸಿದರೆ ನಿಲ್ಲುತ್ತಾರೆ. ನಿಂತು, ಎರಡು ಪಾದಗಳನ್ನೂ ಜೋಡಿಸಿ, ಕತ್ತನ್ನಷ್ಟೇ ಅಲ್ಲದೆ ಹೆಗಲು ಸೊಂಟಗಳ ಸಮೇತ ಇಡೀ ದೇಹವನ್ನು ಮಾತಾಡಿಸಿದವರ ಕಡೆಗೆ ತಿರುಗಿಸಿ, ಗದ್ದವನ್ನು ಒಂದಿಷ್ಟು ಮೇಲೆತ್ತಿ, ಎದುರಿಗಿರುವವರ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸಾವಕಾಶವಾಗಿ ಓದಿ ಮುಗಿಸಿದ ಮೇಲೆಯೇ ಅವರ ಬಾಯಿಂದ ಮೊದಲ ಮಾತು ಹೊರಡುವುದು. ಆ ಮಾತು ಬಹುಪಾಲು "ಅಂಗಲ್ಲ" ಎಂದಿರುತ್ತದೆ. ಒಪ್ಪುವುದಕ್ಕೂ ಅವರಿಗೆ ಅದೇ ಮುನ್ನುಡಿ, ಒಪ್ಪದಿರುವುದಕ್ಕೂ ಅದೇ. "ಅಂಗಲ್ಲ ಮೇಷ್ಟ್ರೆ, ನೀವು ಯೋಳಿದ್ದೇ ಸರಿ" ಎಂದು ಮೊದಲ ಸಲ ಅಂದಾಗ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾನು ಕಕ್ಕಾಬಿಕ್ಕಿಯಾಗಿದ್ದೆ.

ನಂಜನಗೂಡು ಸೀಮೆಯ ಹೆಡತಲೆ ಗ್ರಾಮಕ್ಕೆ ಸಮೀಪದ ಅವರ ಊರಿನಲ್ಲಿ ಈ ನಿಂತು ನೋಡುವ ರೀತಿಗೆ ಜನ ಬಹಳ ವರ್ಷ ಒಂದೇ ಅರ್ಥ ಹಚ್ಚಿದ್ದರು: ಗರ್ವ. ನಾಲೆಯ ನೀರೆಲ್ಲ ಅವನ ಕೈಯಲ್ಲಿದೆ, ಇನ್ನು ಕತ್ತು ತಿರುಗುವುದುಂಟೆ ಎಂದು ಕಟ್ಟೆಯ ಮೇಲೆ ಕುಳಿತವರ ಮಾತು. ಮಹಾದೇವಸ್ವಾಮಿ ಎಂಬ ನೆರೆಗದ್ದೆಯವರು ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದು, ನಾಲೆಯ ಏರಿಯ ಮೇಲೆ ಇವರ ಎಡಮಗ್ಗುಲಿಗೇ ನಿಂತು, ಟ್ರ್ಯಾಕ್ಟರೊಂದು ಸದ್ದು ಮಾಡಿಕೊಂಡು ಹೋಗುತ್ತಿದ್ದುದರಿಂದ ಬಾಯಿ ತೆರೆಯದೆ, ಅರಿಸಿನ ಹಚ್ಚಿದ ಪತ್ರಿಕೆಯನ್ನು ಎರಡೂ ಕೈಯಲ್ಲಿ ಚಾಚಿದರೆ, ಚೆಲುವಯ್ಯನವರು ಆ ಪತ್ರಿಕೆಯನ್ನೂ ಆ ಕೈಗಳನ್ನೂ ದಾಟಿಕೊಂಡು ತಮ್ಮ ಪಾಡಿಗೆ ತಾವು ನಡೆದುಬಿಟ್ಟರು. ಮಹಾದೇವಸ್ವಾಮಿ ಎರಡು ವರ್ಷ ಮಾತು ಬಿಟ್ಟರು. ನಿಜವೇನೆಂದರೆ ಚೆಲುವಯ್ಯನವರ ಪಾಲಿಗೆ ಪಕ್ಕದ ಲೋಕವೆಂಬುದು ಆಗಲೇ ಕಳೆದುಹೋಗಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಉಳಿದಿತ್ತು. ಇದು ಊರಿಗೆ ಗೊತ್ತಿರಲಿಲ್ಲ. ಆಶ್ಚರ್ಯವೆಂದರೆ ಅವರಿಗೂ ಗೊತ್ತಿರಲಿಲ್ಲ. ಆ ರೋಗದ ಸ್ವಭಾವವೇ ಅಂಥದು. ನೋವಿಲ್ಲ, ಕೆಂಪಿಲ್ಲ, ಉರಿಯಿಲ್ಲ. ಅಂಚಿನಿಂದ ಒಳಕ್ಕೆ ಅಂಗುಲ ಅಂಗುಲವಾಗಿ ನೋಟ ಕರಗುತ್ತಾ ಬರುತ್ತದೆ, ದೇಹವೋ ಅದಕ್ಕೆ ತಕ್ಕ ಹಾಗೆ ನಿಲ್ಲುವುದನ್ನೂ ತಿರುಗುವುದನ್ನೂ ಯಜಮಾನನಿಗೆ ತಿಳಿಸದೆಯೇ ಕಲಿತುಬಿಡುತ್ತದೆ.

ನೀರುಗಂಟಿ ಎಂದರೆ ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಹಂಚುವವನು. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು, ಯಾವುದನ್ನು ಯಾವಾಗ ಮುಚ್ಚಬೇಕು ಎಂಬುದರಲ್ಲಿ ಅವನದೇ ಕೊನೆಯ ಮಾತು. ಚೆಲುವಯ್ಯನವರ ಅಜ್ಜ ಊರ ಕೆರೆಯ ತೂಬು ಕಾಯ್ದಿದ್ದರಂತೆ, ಅಪ್ಪನೂ ಅದನ್ನೇ ಮಾಡಿದರು. ಇವರ ಕಾಲಕ್ಕೆ ಕಬಿನಿಯ ನಾಲೆ ಬಂದು, ಇಲಾಖೆಯ ಹಾಜರಿ ಪುಸ್ತಕದಲ್ಲಿ ಹೆಸರೇರಿ, ಮೈಮೇಲೆ ಖಾಕಿ ಕೋಟೊಂದು ಬಂತು. ಪಂಚೆಯ ಮೇಲೆ ಆ ಕೋಟು. ಬಿಸಿಲಿಗೆ ಮಣ್ಣು ಬಿರಿಯುವ ದಿನಗಳಲ್ಲೂ ಅವರು ಅದನ್ನು ಕಳಚಿದ್ದನ್ನು ಕಂಡವರಿಲ್ಲ. ಮೇಲಿನ ಗುಂಡಿ ಎಂದೋ ಉದುರಿಹೋಗಿ, ಆ ಜಾಗದಲ್ಲಿ ಹೆಂಡತಿ ಗುರುಸಿದ್ದಮ್ಮ ಮಗಳ ಹಳೆಯ ಫ್ರಾಕಿನದೊಂದು ಕೆಂಪು ಗುಂಡಿಯನ್ನು ಹೊಲಿದುಬಿಟ್ಟಿದ್ದಾರೆ. ಇಲಾಖೆಯ ಇಂಜಿನಿಯರು ಒಮ್ಮೆ ಅದನ್ನು ನೋಡಿ ನಕ್ಕರೆ, "ಅಂಗಲ್ಲ ಸಾ, ಕೋಟು ನಿಮ್ದು, ಗುಂಡಿ ನಮ್ದು" ಎಂದು ಇವರು ಗಂಭೀರವಾಗಿ ಲೆಕ್ಕ ಒಪ್ಪಿಸಿದರಂತೆ.

ನನಗೂ ಅವರಿಗೂ ಪರಿಚಯವಾದದ್ದು ನನ್ನ ಅಜ್ಞಾನದಿಂದ. ತಿರುಮಕೂಡಲು ನರಸೀಪುರದ ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದ ನನಗೆ ಅವರ ಹಂಚುಗಾಲುವೆಯ ಕಟ್ಟಕಡೆಯಲ್ಲಿ ಎರಡೆಕರೆ ಗದ್ದೆಯಿತ್ತು. ಕಡೆಯ ಗದ್ದೆಗೆ ನೀರು ಮುಟ್ಟುವುದು ಎಲ್ಲ ಕಡೆಯಲ್ಲೂ ಕಷ್ಟವೇ. ನಾನು ಸಮಾಸಭರಿತವಾದ ಮೂರು ಪುಟದ ಅರ್ಜಿಯೊಂದನ್ನು ಬರೆದು ಇಲಾಖೆಗೆ ಕಳಿಸಿದೆ. ವಾರದ ಮೇಲೆ ಖಾಕಿ ಕೋಟಿನ ಮನುಷ್ಯರೊಬ್ಬರು ಹೆಗಲ ಮೇಲೆ ಎರಡು ಗುದ್ದಲಿ ಹೊತ್ತು ಬಂದು, ನನ್ನ ಮುಂದೆ ನಿಂತು, ತಿರುಗಿ, ನನ್ನನ್ನು ಪೂರ್ತಿ ಓದಿ, "ಅಂಗಲ್ಲ ಮೇಷ್ಟ್ರೆ, ಅರ್ಜಿ ಬರೆದ್ರೆ ನೀರು ಬರಾಕಿಲ್ಲ, ಹೂಳು ತೆಗೆದ್ರೆ ಬತ್ತದೆ" ಎಂದು ಒಂದು ಗುದ್ದಲಿಯನ್ನು ನನ್ನ ಕೈಗಿತ್ತರು. ಅಂದು ಸಂಜೆಯವರೆಗೆ ಇಬ್ಬರೂ ಕಾಲುವೆಯಲ್ಲಿ ಇಳಿದಿದ್ದೆವು. ಕೈಯಲ್ಲಿ ಬೊಬ್ಬೆ ಎದ್ದು ಮೂರು ದಿನ ನಾನು ಸೀಮೆಸುಣ್ಣ ಹಿಡಿಯಲಾಗಲಿಲ್ಲ.

ತೂಬು ತೆರೆಯುವುದನ್ನು ಯಾರು ಬೇಕಾದರೂ ಮಾಡಿಯಾರು, ಮುಚ್ಚುವುದು ವಿದ್ಯೆ. ಸಣ್ಣ ತೂಬುಗಳಿಗೆ ಆಗ ಕಬ್ಬಿಣದ ಹಲಗೆಗಳಿರಲಿಲ್ಲ, ಇದ್ದವೂ ತುಕ್ಕು ಹಿಡಿದು ನಿಲ್ಲುತ್ತಿರಲಿಲ್ಲ. ಚೆಲುವಯ್ಯನವರು ಎರೆಮಣ್ಣಿಗೆ ಒಣಹುಲ್ಲು ಕಲಸಿ, ಕಾಲಲ್ಲಿ ತುಳಿದು ಹದಮಾಡಿ, ಉಂಡೆ ಕಟ್ಟಿ ತೂಬಿನ ಬಾಯಿಗೆ ಒತ್ತಿ, ಆಮೇಲೆ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಕಿವಿಗೊಡುತ್ತಿದ್ದರು. ಒಳಗೆಲ್ಲೋ ಜಿನುಗುವ ಸದ್ದು ಕೇಳಿದರೆ ಮತ್ತೊಂದು ಉಂಡೆ. ಅವರು ಮುಚ್ಚಿದ ತೂಬಿನಲ್ಲಿ ಒಂದು ತೊಟ್ಟೂ ಸೋರುವುದಿಲ್ಲವೆಂಬುದು ಆ ಬಯಲಿನಲ್ಲೆಲ್ಲ ಹೆಸರಾದ ಮಾತು. ಇದೇ ಹೆಮ್ಮೆ ತಮ್ಮ ಶರೀರದ ಬಗೆಗೂ ಅವರಿಗಿತ್ತು. ಕುಡುಗೋಲು ತಾಗಿದ ಗಾಯ ಮೂರನೆಯ ದಿನಕ್ಕೆ ಕೂಡಿಕೊಳ್ಳುತ್ತದೆ, ಹಾರೆ ಬಿದ್ದ ಕಾಲು ಹದಿನೈದು ದಿನಕ್ಕೆ ಓಡಾಡುತ್ತದೆ ಎಂದು ಹೇಳಿ, ಮೊಳಕಾಲಿನವರೆಗೆ ಪಂಚೆ ಎತ್ತಿ ಕಲೆಗಳನ್ನು ಒಂದೊಂದಾಗಿ ತೋರಿಸುವರು. "ನಮ್ಮ ಮೈ ಮಾಯೋ ಮೈ ಮೇಷ್ಟ್ರೆ." ಈ ಮಾತನ್ನು ಹೇಳುವಾಗ ಮಾತ್ರ ಅವರು "ಅಂಗಲ್ಲ" ಅನ್ನುತ್ತಿರಲಿಲ್ಲ.

ಐವತ್ತೆಂಟನೆಯ ವಯಸ್ಸಿನಲ್ಲಿ, ನಂಜನಗೂಡಿನಲ್ಲಿ ಕಣ್ಣಿನ ಶಿಬಿರ ನಡೆದಾಗ, ಪೊರೆ ತೆಗೆಸಲು ಹೊರಟ ಗುರುಸಿದ್ದಮ್ಮನ ಜೊತೆಗೆ ಸುಮ್ಮನೆ ಹೋದವರು ಇವರು. ಹೆಂಡತಿಯ ಕಣ್ಣಿನಲ್ಲಿ ಪೊರೆ ಇನ್ನೂ ಬಲಿತಿರಲಿಲ್ಲ. ಬಂದದ್ದು ಬಂದಿದ್ದೀರಿ ನಿಮ್ಮದೂ ನೋಡೋಣ ಎಂದು ಅಲ್ಲಿನ ಆಸ್ಪತ್ರೆಯ ಡಾಕ್ಟರು ಅಮೃತೇಶ್ ಇವರ ಗಲ್ಲವನ್ನು ಯಂತ್ರದ ಮೇಲಿಡಿಸಿ ನೋಡಿದರು, ಮತ್ತೆ ನೋಡಿದರು, ಆಮೇಲೆ ಸಾಲಿನಲ್ಲಿದ್ದ ಉಳಿದವರನ್ನೆಲ್ಲ ಸ್ವಲ್ಪ ಕಾಯಲು ಹೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಗ್ಲಾಕೋಮಾ. ಎಡಗಣ್ಣಿನ ನರ ಮುಕ್ಕಾಲು ಒಣಗಿದೆ, ಬಲಗಣ್ಣಿನದು ಅರ್ಧ. ಕಣ್ಣಿನೊಳಗೆ ಸದಾ ಒಂದಿಷ್ಟು ನೀರು ಹುಟ್ಟುತ್ತದೆ, ಅದು ಹರಿದುಹೋಗುವ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ನರ ಸಾಯುತ್ತದೆ ಎಂದು ಡಾಕ್ಟರು ವಿವರಿಸಲು ತೊಡಗಿದರೆ, ಇವರು ಅರ್ಧದಲ್ಲೇ ಕೈ ಎತ್ತಿದರು. "ಅಂಗಲ್ಲ ಸಾ, ಕೆರೆ ಕೋಡಿ ಕಟ್ಕೊಂಡದೆ, ಏರಿ ಒಡೀತಾ ಅದೆ. ಅಷ್ಟೇ ತಾನೆ?" ಡಾಕ್ಟರು ಅಷ್ಟೇ ಎಂದರು. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದೂ ಹೇಳಿದರು.

ಹನಿ ಔಷಧಿಗಳಿಂದ ಒತ್ತಡ ಇಳಿಯಲಿಲ್ಲ. ಎಡಗಣ್ಣಿಗೆ ಆಪರೇಷನ್ ಆಯಿತು. ಕಣ್ಣಿನ ಬಿಳಿಯಲ್ಲಿ ರೆಪ್ಪೆಯ ಮರೆಗೆ ಕಾಣದಷ್ಟು ಚಿಕ್ಕದೊಂದು ತೂಬು ಕೊರೆದು, ಒಳಗಿನ ನೀರು ಅದರ ಮೂಲಕ ನಿಧಾನವಾಗಿ ಹೊರಬರುವಂತೆ ಮಾಡುವ ಶಸ್ತ್ರಕ್ರಿಯೆ ಅದು. ಕೊರೆದ ಬಾಯಿ ಬೇಗ ಕೂಡಿಕೊಳ್ಳಬಾರದೆಂದು ಡಾಕ್ಟರು ಅಲ್ಲಿಗೆ ಔಷಧಿಯನ್ನೂ ಹಚ್ಚಿ, ಮನೆಗೆ ಬೇರೊಂದು ಹನಿಯನ್ನು ಕೊಟ್ಟು, ಮೂರು ತಿಂಗಳು ದಿನಕ್ಕೆ ನಾಲ್ಕಾರು ಬಾರಿ ತಪ್ಪದೆ ಹಾಕಿಕೊಳ್ಳಿ, ಇದು ಗಾಯ ಮಾಯದಿರಲು ಕೊಟ್ಟದ್ದು ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಚೆಲುವಯ್ಯನವರು ತಲೆಯಾಡಿಸಿದರು. ಅರ್ಥವೂ ಆಗಿತ್ತು. ಆದರೆ ತಲೆಗೆ ತಿಳಿದದ್ದು ಮೈಗೆ, ಮನೆಗೆ, ಊರಿಗೆ ತಿಳಿಯಬೇಕಲ್ಲ.

ನಮ್ಮ ಸೀಮೆಯಲ್ಲಿ ಗಾಯವಾದವರನ್ನು ಕಂಡವರು ಕೇಳುವ ಮೊದಲ ಪ್ರಶ್ನೆ "ಮಾಯ್ತಾ?" ಎಂಬುದು. ಇಲ್ಲವೆಂದರೆ ಸಕ್ಕರೆ ಕಾಯಿಲೆ ಇರಬೇಕು ಎಂದು ಒಬ್ಬರು, ಯಾವುದೋ ಹರಕೆ ಬಾಕಿಯಿರಬೇಕು ಎಂದು ಇನ್ನೊಬ್ಬರು. ಮೂರು ದಿನದಲ್ಲಿ ಗಾಯ ಕೂಡಿಸಿಕೊಳ್ಳುತ್ತಿದ್ದ ಚೆಲುವಯ್ಯನಿಗೆ ಮೂರು ವಾರವಾದರೂ ಮಾಯಲಿಲ್ಲವೆ ಎಂಬ ಮಾತು ಕಿವಿಗೆ ಬಿದ್ದಾಗ ಅವರಿಗೆ ಅವಮಾನವಾಯಿತು. ಅದರ ಮೇಲೆ, ಆಪರೇಷನ್ನಿಗೆ ಹೋಗುವ ಮುನ್ನವೇ ಅವರು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು: ಗಾಯ ತಿಂಗಳೊಳಗೆ ಮಾಯಲಿ, ಬೆಳ್ಳಿಯ ಕಣ್ಣು ಮಾಡಿಸಿ ಹಾಕುತ್ತೇನೆ. ಸುಲ್ತಾನರ ಆನೆಯ ಕಣ್ಣು ಗುಣಪಡಿಸಿ ಹಕೀಮನೆಂದು ಕರೆಸಿಕೊಂಡ ದೇವರಲ್ಲವೆ. ಅವನ ಮುಂದೆ ವಾಸಿಯಾಗಲಿ ಎಂದು ಕೇಳಿಕೊಳ್ಳದವರು ನಂಜನಗೂಡಿನ ಸುತ್ತ ಇಪ್ಪತ್ತು ಮೈಲಿಯಲ್ಲಿ ಯಾರಿದ್ದಾರೆ? ನಾಲ್ಕನೆಯ ವಾರಕ್ಕೆ ಕಣ್ಣಿನ ಕೆಂಪು ಕಳೆದು ಬೆಳ್ಳಗಾಯಿತು, ನೋವು ಮೊದಲೇ ಇರಲಿಲ್ಲ. ಚೆಲುವಯ್ಯನವರು ಹನಿ ನಿಲ್ಲಿಸಿದರು. ಕಪಿಲೆಯಲ್ಲಿ ಸೊಂಟದವರೆಗಷ್ಟೇ ಮುಳುಗಿ, ತಲೆಗೆ ನೀರು ಸೋಕಿಸದೆ, ಹೆಂಡತಿ ಮಗಳೊಡನೆ ಹೋಗಿ ಬೆಳ್ಳಿಯ ಕಣ್ಣನ್ನು ಹುಂಡಿಗೆ ಹಾಕಿ, ಪ್ರಸಾದ ತಿಂದು ಬಂದರು. ಊರಿನಲ್ಲಿ ಕಂಡಕಂಡವರಿಗೆಲ್ಲ "ಮಾಯ್ತು" ಎಂದು ತಾವಾಗಿಯೇ ಹೇಳಿದರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಯಂತ್ರದಿಂದ ಮುಖ ಎತ್ತಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ, "ಪೂರ್ತಿ ಮಾಯ್ದಿದೆ, ಚೆಲುವಯ್ಯನವರೇ. ತೂಬು ಮುಚ್ಚಿಹೋಗಿದೆ" ಎಂದರು. ಮತ್ತೆ ತೆರೆಯಲು ಎರಡು ಸಲ ಯತ್ನಿಸಿದರು. ಆಗಲಿಲ್ಲ. ವರ್ಷ ಕಳೆಯುವುದರೊಳಗೆ ಆ ಕಣ್ಣಿಗೆ ಹಗಲೂ ಇರುಳೂ ಒಂದೇ ಆಯಿತು.

ನಾನು ನೋಡಲು ಹೋದಾಗ ಜಗುಲಿಯ ಮೇಲೆ ಕೋಟು ತೊಟ್ಟು ಕುಳಿತಿದ್ದರು. ದೇವರ ಮೇಲೋ ಡಾಕ್ಟರ ಮೇಲೋ ಎರಡು ಮಾತು ಬರುತ್ತದೆ, ಸಮಾಧಾನ ಹೇಳೋಣ ಎಂದು ನಾನು ಒಂದೆರಡು ಸುಭಾಷಿತಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವು ಉಪಯೋಗಕ್ಕೆ ಬರಲಿಲ್ಲ. "ದೇವ್ರು ಕಿವುಡ ಅಲ್ಲ ಮೇಷ್ಟ್ರೆ" ಎಂದರು ಅವರು. "ನಾನು ಕೇಳಿದ್ನ ಕೊಟ್ಟ. ಕೇಳಿದ್ದೇ ತಪ್ಪು." ಡಾಕ್ಟರು ಅಮೃತೇಶ್ ಕೂಡ ಅವರ ಮನಸ್ಸಿನ ಭಾರ ಇಳಿಸಲು, ನೀವು ಹನಿ ನಿಲ್ಲಿಸದೆ ಇದ್ದರೂ ಮುಚ್ಚುತ್ತಿತ್ತೇನೋ, ಕೆಲವರ ಮೈಗುಣವೇ ಹಾಗೆ, ಖಚಿತವಾಗಿ ಯಾರೂ ಹೇಳಲಾರರು ಎಂದಿದ್ದರಂತೆ. ಜಾರಿಕೊಳ್ಳಲು ಅಷ್ಟು ಅಗಲದ ದಾರಿ ಬಿಟ್ಟುಕೊಟ್ಟರೂ ಈ ಮನುಷ್ಯ ಅದರಲ್ಲಿ ಹೋಗಲಿಲ್ಲ. "ಅಂಗಲ್ಲ ಸಾ. ನಿಲ್ಸಿದ್ದು ನಾನು" ಎಂದು ಅಲ್ಲೇ ನಿಂತರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಂದು. ಅಲ್ಲಿಯವರೆಗೆ ಇದ್ದದ್ದು ಬರಿಯ ಪ್ರೀತಿ.

ಉಳಿದದ್ದು ಬಲಗಣ್ಣು. ಅದರಲ್ಲೂ ಒತ್ತಡ ಏರುತ್ತಿತ್ತು, ನೋಟದ ಕಿಂಡಿ ಕಿರಿದಾಗುತ್ತಿತ್ತು. ಅದನ್ನೂ ಕೊರೆಯಬೇಕೆಂದು ಡಾಕ್ಟರು ಹೇಳಿದಾಗ ಚೆಲುವಯ್ಯನವರು ಒಂದು ವರ್ಷ ಒಪ್ಪಲಿಲ್ಲ. ಆ ವರ್ಷದಲ್ಲೇ ನಿವೃತ್ತರೂ ಆದರು. ಕೆಲಸ ಮುಗಿದರೂ ಬೆಳಿಗ್ಗೆ ಏರಿಯ ಮೇಲೆ ಹೋಗಿ ಬರುವುದು ನಿಲ್ಲಲಿಲ್ಲ. ಹೊಸದಾಗಿ ಬಂದ ನೀರುಗಂಟಿಯ ಕೆಲಸವನ್ನು ಕಬ್ಬಿಣದ ಹಲಗೆಯ ಪಕ್ಕದಲ್ಲಿ ಕುಳಿತು ಮೌನವಾಗಿ ಪರೀಕ್ಷಿಸುವರು. ಒಂದು ದಿನ ಹೆಜ್ಜೆ ತಪ್ಪಿ ನಾಲೆಗೇ ಬಿದ್ದರು. ಎದೆಮಟ್ಟದ ನೀರು, ಈಜು ಬಲ್ಲವರು, ಏನೂ ಆಗಲಿಲ್ಲ. ಆದರೆ ಮೇಲೆ ಬಂದು ಕೋಟು ಹಿಂಡುತ್ತಾ, ಮೂವತ್ತೈದು ವರ್ಷ ಕಾಯ್ದ ನಾಲೆಯ ಅಂಚು ಎಲ್ಲಿದೆಯೆಂದು ತಮಗೆ ಕಾಣಲಿಲ್ಲವೆಂಬುದನ್ನು ಅವರು ಅಂದು ಒಪ್ಪಿಕೊಂಡರು. ಮರುವಾರ ನಂಜನಗೂಡಿಗೆ ಹೋದರು.

ಆಗ ಡಾಕ್ಟರು ಹೇಳಿದ್ದು ಹೊಸ ಸಂಗತಿ. ಪರವೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದೇ ಆಪರೇಷನ್ ಮಾಡುವಾಗ, ತೂಬು ಕೊರೆದ ಜಾಗಕ್ಕೆ ಕೆಲವು ನಿಮಿಷ ರೇಡಿಯೇಷನ್ ಕೊಡುತ್ತಿದ್ದಾರೆ. ಪೆನ್ನಿನಂಥ ಒಂದು ಹಿಡಿ, ಅದರ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಬಿಲ್ಲೆ. ಅದನ್ನು ಕಣ್ಣಿನ ಬಿಳಿಯ ಮೇಲೆ ಒತ್ತಿ ಹಿಡಿಯುತ್ತಾರೆ. ಅದರ ಕಿರಣ ಒಂದೆರಡು ಗೋಧಿಕಾಳಿನ ದಪ್ಪಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಗಾಯ ಕೂಡಿಸಲು ಓಡಿಬರುವ ಜೀವಕಣಗಳ ಉತ್ಸಾಹವನ್ನು ಅದು ಕುಗ್ಗಿಸುತ್ತದೆ, ಆದ್ದರಿಂದ ತೂಬು ತೆರೆದೇ ಉಳಿಯುವ ಸಂಭವ ಹೆಚ್ಚು. ಹೊಸದೇನಲ್ಲ, ಹಳೆಯ ವಿದ್ಯೆಯನ್ನೇ ಈಗ ಮತ್ತೆ ಪರೀಕ್ಷಿಸಿ ನೋಡುತ್ತಿದ್ದಾರೆ ಎಂದರು. ಪೊರೆ ಬೇಗ ಬರಬಹುದು, ಅದನ್ನು ಆಮೇಲೆ ತೆಗೆಯಬಹುದು. ಇಷ್ಟಾಗಿಯೂ ಮುಚ್ಚಿಹೋದರೆ? ಹೋಗಲೂಬಹುದು, ನಾನು ಮಾತು ಕೊಡಲಾರೆ ಎಂದು ಅವರು ಹೇಳಿದ್ದನ್ನು ಚೆಲುವಯ್ಯನವರು ಬಹುವಾಗಿ ಮೆಚ್ಚಿಕೊಂಡು ನನಗೆ ಮೂರು ಸಲ ವರದಿ ಮಾಡಿದ್ದಾರೆ.

ಮನೆಯಲ್ಲಿ ದೊಡ್ಡ ರಂಪವಾಯಿತು. ರೇಡಿಯೇಷನ್ ಎಂಬ ಪದವನ್ನು ಆ ಮನೆ ಮೊದಲೇ ಕೇಳಿತ್ತು. ಗುರುಸಿದ್ದಮ್ಮನ ತಂಗಿ ಗಂಟಲಿನ ಕ್ಯಾನ್ಸರಿಗೆ ಮೈಸೂರಿನಲ್ಲಿ ಅದನ್ನು ತೆಗೆದುಕೊಂಡು, ಕತ್ತಿನ ಚರ್ಮ ಕಪ್ಪಾಗಿ, ಗಂಜಿಯೂ ಇಳಿಯದೆ ಹೋಗಿದ್ದಳು. ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾದ ಮಗಳು ಕೋಮಲ ಕೆಲಸದಿಂದ ಬಂದವಳು ಚೀಲವನ್ನೂ ಕೆಳಗಿಡದೆ ಕೂಗಾಡಿದಳು.

"ಕ್ಯಾನ್ಸರಿಗೆ ಕೊಡೋದನ್ನ ಕಣ್ಣಿಗೆ ಇಡಿಸ್ಕೋತೀಯಾ ಅಪ್ಪಾ? ಚಿಕ್ಕಮ್ಮನ ಕತ್ತು ಮರ್ತೋಯ್ತಾ? ಇರೋದೊಂದು ಕಣ್ಣು!"

"ಅಂಗಲ್ಲ ಮಗಾ. ಇರೋದೊಂದು ಅಂತಾನೇ."

"ಸುಟ್ಟೋದ್ರೆ?"

"ಸುಟ್ಟೋದ್ರೆ ಓಯ್ತದೆ. ಇಂಗೇ ಬುಟ್ರೂ ಓಯ್ತದೆ. ಇದ್ರಲ್ಲಿ ಒಂದು ಕಡೆ ಮಾತ್ರ ಉಳಿಯೋ ದಾರಿ ಅದೆ ಕಣವ್ವಾ."

ಕೋಮಲ ಅಳುತ್ತಾ ಒಳಗೆ ಹೋದಳು. ಮಾರನೆಯ ದಿನ ಕಚೇರಿಗೆ ರಜೆ ಹಾಕಿ, ಸ್ವತಃ ಡಾಕ್ಟರ ಮುಂದೆ ಕುಳಿತು, ಚಿಕ್ಕಮ್ಮನಿಗೆ ಕೊಟ್ಟದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಾಗದದಲ್ಲಿ ಚಿತ್ರ ಬರೆಸಿಕೊಂಡು ಅರ್ಥಮಾಡಿಕೊಂಡು ಬಂದವಳೂ ಅವಳೇ. ಒಪ್ಪಿಗೆಯ ಪತ್ರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ, ಹೆಬ್ಬೆಟ್ಟು ಬೇಡ ಸಹಿಯನ್ನೇ ಮಾಡು ಎಂದು ಕೈ ಹಿಡಿದು ಜಾಗ ತೋರಿಸಿದಳು.

ಪರವೂರಿನ ಆ ಆಸ್ಪತ್ರೆಯಲ್ಲಿ ನಡೆದ ಆಪರೇಷನ್ನಿನ ವಿಚಾರವನ್ನು ಚೆಲುವಯ್ಯನವರ ಬಾಯಲ್ಲೇ ಕೇಳಬೇಕು. ಕಣ್ಣಿನ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಿದ್ದರೇ ಹೊರತು ಎಚ್ಚರವಿತ್ತು. ಮುಖದ ಮೇಲೆ ಬಟ್ಟೆ. ಕೊರೆಯುವ ಕೆಲಸ ಮುಗಿದ ಮೇಲೆ ಯಾರೋ ಭಾರದ ಡಬ್ಬಿಯೊಂದನ್ನು ತಂದಿಟ್ಟ ಸದ್ದು ಕೇಳಿತು. ಸೀಸದ ಡಬ್ಬಿ ಅದು, ಅದರೊಳಗಿಂದ ಆ ಹಿಡಿಯನ್ನು ತೆಗೆದರು. ಈಗ ಅಲ್ಲಾಡಬೇಡಿ, ಉಸಿರು ಮೆಲ್ಲಗೆ ಬಿಡಿ ಎಂದರು. ಒಬ್ಬರು ಗಡಿಯಾರ ನೋಡಿ ಸೆಕೆಂಡುಗಳನ್ನು ಎಣಿಸುತ್ತಾ ಹೋದರು. "ಬಿಸೀನೂ ಇಲ್ಲ, ಬೆಳಕೂ ಇಲ್ಲ, ಸದ್ದೂ ಇಲ್ಲ ಮೇಷ್ಟ್ರೆ. ಇದ್ಯಾವ ಸೀಮೆ ಬೆಂಕಿ ಅಂದ್ಕೊಂಡೆ." ಆ ಮೂರು ನಾಲ್ಕು ನಿಮಿಷ ಅವರು ಮನಸ್ಸಿನಲ್ಲಿ ದೇವರನ್ನು ನೆನೆಯಲಿಲ್ಲವಂತೆ. ನೆನೆದರೆ ಅಭ್ಯಾಸಬಲದಿಂದ ವಾಸಿಮಾಡಪ್ಪಾ ಎಂದು ಬಾಯಿಗೆ ಬಂದುಬಿಡುತ್ತದೆ ಎಂಬ ಭಯ. ಅದರ ಬದಲು ಹಂಚುಗಾಲುವೆಯ ತೂಬುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೆನಪಿಸಿಕೊಂಡು ಎಣಿಸಿದರು. ಹದಿನೇಳನೆಯ ತೂಬಿಗೆ ಬರುವಷ್ಟರಲ್ಲಿ ಅಲ್ಲಿನ ಡಾಕ್ಟರು ಆಯಿತು ಎಂದರು.

ಅತ್ತ ಅದೇ ಹೊತ್ತಿಗೆ ಗುರುಸಿದ್ದಮ್ಮ ನಂಜುಂಡೇಶ್ವರನ ಗುಡಿಯಲ್ಲಿ ಸಾಲು ನಿಂತು ಗರ್ಭಗುಡಿಯ ಮುಂದೆ ಬಂದಿದ್ದರು. ಅಲ್ಲಿ ಅವರಿಗಾದ ಪಾಡನ್ನು ನನ್ನ ಮುಂದೆ ಹೇಳಿಕೊಂಡಾಗ ನಗುತ್ತಿದ್ದರು, ಆದರೆ ಕಣ್ಣಲ್ಲಿ ನೀರಿತ್ತು. "ಬಾಯೇ ಬರ್ನಿಲ್ಲ ಮೇಷ್ಟ್ರೆ. ಮಾಯಿಸಪ್ಪ ಅನ್ನಂಗಿಲ್ಲ, ಓದ್ಸಲ ಅದೇ ಅಂದು ಕೆಟ್ಟಿದ್ದು. ಮಾಯಿಸ್‌ಬ್ಯಾಡ ಅಂತ ಅವನ ಬಾಗ್ಲಲ್ಲಿ ನಿಂತ್ಕೊಂಡು ಎಂಗಂದೇನು? ಇಂದ್ಗಡೆಯೋರು ತಳ್ತಾವ್ರೆ. ಕೊನೆಗೆ, ಅಪ್ಪಾ ನಂಜುಂಡ, ಡಾಕ್ಟ್ರು ಏನ್ ಕೇಳ್ತಾರೋ ಅದ್ನೇ ಕೊಟ್ಬುಡು ಅಂದು ಬಂದ್ಬುಟ್ಟೆ." ಇಷ್ಟು ವಿವೇಕದ ಪ್ರಾರ್ಥನೆಯನ್ನು ನಾನು ಪಾಠ ಹೇಳಿದ ಯಾವ ಸ್ತೋತ್ರದಲ್ಲೂ ಕಂಡ ನೆನಪಿಲ್ಲ.

ಅಲ್ಲಿಂದ ಮೂರು ತಿಂಗಳು ಅವರ ಮನೆಯಲ್ಲಿ ನಡೆದದ್ದು ಒಂದು ವ್ರತ. ಹನಿಯ ಹೊತ್ತು ತಪ್ಪುವಂತಿರಲಿಲ್ಲ. ಕೋಮಲ ಕಚೇರಿಯಿಂದ ಫೋನು ಮಾಡಿ ಮಧ್ಯಾಹ್ನದ ಹನಿಯನ್ನು ನೆನಪಿಸುವಳು. ಆಗಲೇ ಹಾಕಿಸಿ ಆಗಿತ್ತು ಎಂದು ಅಪ್ಪ ಗದರುವರು. ಕೆಂಪು ಕಳೆದು ಕಣ್ಣು ಬೆಳ್ಳಗಾದಾಗ ಗುರುಸಿದ್ದಮ್ಮನಿಗೆ ಗಾಬರಿಯಾಗಿ, ಎರಡು ದಿನ ಮುಂಚೆಯೇ ಗಂಡನನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದರು. ಬೆಳ್ಳಗಾದರೆ ಹೆದರಬೇಕಿಲ್ಲ, ಒಳಗಿನ ತೂಬು ತೆರೆದಿದೆ ಎಂದು ಡಾಕ್ಟರು ನಕ್ಕು ಸಮಾಧಾನ ಹೇಳಬೇಕಾಯಿತು. ಏರಿಯ ಮೇಲೆ ಸಿಕ್ಕವರು "ಮಾಯ್ತಾ ಚೆಲುವಣ್ಣ?" ಎಂದರೆ ಇವರು ನಿಂತು, ತಿರುಗಿ, ಕೇಳಿದವರನ್ನು ಪೂರ್ತಿ ನೋಡಿ, "ಅಂಗಲ್ಲ, ಮಾಯಬಾರ್ದು" ಎನ್ನುವರು. ನೀರುಗಂಟಿಗೆ ತಲೆ ಕೆಟ್ಟಿದೆ ಎಂದು ಕೆಲವು ಕಾಲ ಊರು ಆಡಿಕೊಂಡಿತು. ಮಹಾದೇವಸ್ವಾಮಿ ಮಾತ್ರ, ಆ ಪತ್ರಿಕೆಯ ಪ್ರಸಂಗದ ಒಳಗುಟ್ಟು ತಿಳಿದು ನಾಚಿಕೊಂಡವರು, ಹಾಗೆ ಆಡುವವರ ಬಾಯಿ ಮುಚ್ಚಿಸುತ್ತಿದ್ದರೆಂದು ಕೇಳಿದ್ದೇನೆ.

ಈಗ ಎರಡು ವರ್ಷವಾಗುತ್ತ ಬಂತು. ತೂಬು ತೆರೆದಿದೆ. ಒತ್ತಡ ಹತೋಟಿಯಲ್ಲಿದೆ. ಕಳೆದದ್ದೇನೂ ಮರಳಿಲ್ಲ, ಒಂದೇ ಕಣ್ಣು, ಅದರಲ್ಲೂ ಅಂಗೈಯಗಲದ ನೋಟ. ಪೊರೆಯ ಮಸುಕು ಸಣ್ಣಗೆ ಕಾಣಿಸಿಕೊಂಡಿದೆಯಂತೆ. ಮುಂದೆ ಹೇಗೋ ಡಾಕ್ಟರೂ ಹೇಳರು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎನ್ನುತ್ತಾರೆ, ಇವರು ಒಮ್ಮೆಯೂ ತಪ್ಪಿಸಿಲ್ಲ.

ಕಳೆದ ತಿಂಗಳು ನನ್ನ ಕಣ್ಣನ್ನೂ ತೋರಿಸಿಕೊಳ್ಳಲೆಂದು ನಂಜನಗೂಡಿಗೆ ಹೋಗಿದ್ದೆ. ಮಂಗಳವಾರ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಖಾಕಿ ಕೋಟು ಕುಳಿತಿತ್ತು. ತಪಾಸಣೆಯ ದಿನವೆ ಎಂದು ಕೇಳಿದರೆ ಅಲ್ಲವಂತೆ; ಮಂಗಳವಾರ ಗ್ಲಾಕೋಮಾದವರು ಬರುವ ದಿನ, ಡಾಕ್ಟರು ಹೇಳಿದ್ದು ಅರ್ಥವಾಗದೆ ಹೊರಗೆ ಬರುವವರು ಇರುತ್ತಾರೆ, ಅದಕ್ಕೇ ತಾವು ಬಂದು ಕೂರುವುದು ಎಂದರು. ಯಾರೂ ಅವರನ್ನು ಕರೆದಿರಲಿಲ್ಲ. ಡಾಕ್ಟರು ಬೇಡವೆನ್ನಲೂ ಇಲ್ಲ.

ತಗಡೂರಿನ ರಾಮಮ್ಮ ಎಂಬ ಹೆಂಗಸು ಆಗಷ್ಟೇ ಆಪರೇಷನ್ನಾಗಿ ಎರಡು ವಾರ ಕಳೆದು ತೋರಿಸಲು ಬಂದಿದ್ದಳು. ಹನಿ ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದಳಂತೆ, ಒಳಗೆ ಡಾಕ್ಟರಿಂದ ಬೈಸಿಕೊಂಡು ಮುಖ ಸಣ್ಣದು ಮಾಡಿಕೊಂಡು ಹೊರಬಂದಳು. "ಗಾಯ ಮಾಯದಂಗೆ ಔಸ್ದಿ ಹಾಕು ಅಂತಾರಲ್ಲ, ಇದ್ಯಾವ ನ್ಯಾಯ" ಎಂದು ಜೊತೆಗಿದ್ದ ಸೊಸೆಯ ಮುಂದೆ ಗೊಣಗುತ್ತಿದ್ದಳು. ಚೆಲುವಯ್ಯನವರು ಎದ್ದು ಅವಳೆದುರು ನಿಂತರು. ಪರಗಂಡಸು ಹೀಗೆ ಮುಖ ದಿಟ್ಟಿಸುವುದೇನು ಎಂದು ಅವಳು ಸೆರಗು ಎಳೆದುಕೊಂಡಳು. ಅವರು ಬೆರಳಿನಿಂದ ಎಡಗಣ್ಣಿನ ರೆಪ್ಪೆಯನ್ನು ಮೇಲಕ್ಕೆತ್ತಿ, ಬಾಗಿ, ಬೆಳಕಿಗೆ ಹಿಡಿದು ತೋರಿಸಿದರು.

"ನೋಡ್ಕೊಳವ್ವಾ. ಇದು ಮಾಯ್ದ ಕಣ್ಣು. ತಿಂಗಳೊಳಗೇ ಮಾಯ್ತು, ನಾನೇ ಅವಸರ ಮಾಡಿ ಮಾಯಿಸ್ಕೊಂಡೆ. ನೀ ಇದಕ್ಕೆ ಕಾಣಾಕಿಲ್ಲ." ಆಮೇಲೆ ಬಲಗಣ್ಣಿನ ರೆಪ್ಪೆಯನ್ನೆತ್ತಿದರು. "ಇದು ಇವತ್ಗೂ ಮಾಯದೇ ಇರೋ ಕಣ್ಣು. ನಿನ್ನ ಮೂಗುಬಟ್ಟಿನ ಕಲ್ಲು ಬಿಳೀದು, ಸೀರೆ ಅಂಚು ಹಸ್ರು. ಸರಿಯಾ?"

ರಾಮಮ್ಮ ಆ ಎರಡು ಕಣ್ಣುಗಳನ್ನು ಒಂದರ ನಂತರ ಒಂದನ್ನು ಬಹಳ ಹೊತ್ತು ನೋಡಿದಳು. ಸೊಸೆಯ ಕಡೆ ತಿರುಗಿ, ಹನಿಯ ಸೀಸೆ ಕೊಡು ಎಂದು ಕೈ ಚಾಚಿದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಕುಳಿತು ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಮೂವತ್ತಾರು ವರ್ಷ ಕಲಿಸುವ ಕೆಲಸ ಮಾಡಿದವನು ನಾನು. ಪಾಠಗಳಲ್ಲಿ ದೊಡ್ಡವರ ಗೆಲುವುಗಳನ್ನು ಹೇಳಿದೆ, ನಡುನಡುವೆ ನನ್ನ ಚಿಕ್ಕಪುಟ್ಟ ಗೆಲುವುಗಳನ್ನೂ ತೂರಿಸಿದೆ, ನಾನು ಕೆಡಿಸಿದ್ದೇನು ಎಂಬುದನ್ನು ಒಂದು ದಿನವೂ ಹೇಳಿಕೊಡಲಿಲ್ಲ. ನಾವೆಲ್ಲ ಬಹುಮಟ್ಟಿಗೆ ಹೀಗೆಯೇ. ತಪ್ಪಿದ್ದನ್ನು ವಿಧಿಯ ಮೇಲೆ ಹಾಕುತ್ತೇವೆ, ಅಲ್ಲಿ ಜಾಗ ಸಾಲದಿದ್ದರೆ ನೆರೆಯವರ ಮೇಲೆ, ಅದೂ ಸಾಲದಿದ್ದರೆ ಒಳಗೇ ಇಟ್ಟುಕೊಂಡು ಸ್ಮಶಾನದವರೆಗೆ ಹೊತ್ತೊಯ್ಯುತ್ತೇವೆ. ಅಲ್ಲಲ್ಲಿ, ಹತ್ತು ಊರಿಗೊಬ್ಬರಂತೆ, ಚೆಲುವಯ್ಯನವರಂಥವರು ಇರುತ್ತಾರೆ. ಅವರು ಪಂಡಿತರಲ್ಲ, ತ್ಯಾಗಿಗಳೆಂದು ಹೆಸರು ಪಡೆದವರೂ ಅಲ್ಲ; ತಾವು ಕಳೆದುಕೊಂಡದ್ದರ ಎದುರು ತಾವೇ ನಿಂತು, ಇದು ನನ್ನಿಂದ ಆದದ್ದು ಎಂದು ಎಣಿಸಿದಷ್ಟೇ ಮಾತಿನಲ್ಲಿ ಹೇಳಿ, ಗುರುತು ಪರಿಚಯವಿಲ್ಲದ ಒಂದು ಜೀವದ ಕಣ್ಣು ಉಳಿಯಲೆಂದು ತಮ್ಮ ಸತ್ತ ಕಣ್ಣನ್ನು ತೆರೆದು ತೋರಿಸುವವರು.